ಗಲ್ಲಿಯಲ್ಲಿ ಅಳಿಸಿದ ಫೋಟೋ

ಅಕ್ಕನ ಮಗ ಮೂವರು ಗೆಳೆಯರೊಂದಿಗೆ ವಾರಾಣಸಿಗೆ ಬಂದಿದ್ದ. ನಾಲ್ವರೂ ಸೇರಿ ಕಟ್ಟಿದ ಬ್ಯಾಂಡಿನ ಮೊದಲ ಆಲ್ಬಂ ಸಿದ್ಧವಾಗಿತ್ತು. ಮುಖಪುಟಕ್ಕೊಂದು ಚಿತ್ರ ಬೇಕಿತ್ತು. ಇಲ್ಲಿನ ಬ್ಯಾಂಕೊಂದರಲ್ಲಿ ಮೂರು ವರ್ಷದಿಂದ ಇರುವ ನಾನೇ ಗೈಡು, ನಾನೇ ಫೋಟೋಗ್ರಾಫರು.

"ಅಬೇ ರೋಡ್ ಇದ್ದಂಗ ಬೇಕು ಮಾಮಾ," ಎಂದ. ಬೀಟಲ್ಸ್‌ನವರ ಆ ಚಿತ್ರ ನೋಡದವರು ಕಡಿಮೆ. 1969ರ ಆಗಸ್ಟ್ 8ರಂದು ಲಂಡನ್ನಿನ ಸ್ಟುಡಿಯೋ ಹೊರಗಿನ ರಸ್ತೆಯಲ್ಲಿ ಇಯಾನ್ ಮ್ಯಾಕ್‌ಮಿಲನ್ ಏಣಿ ಹತ್ತಿ ನಿಂತರು. ಪೊಲೀಸರೊಬ್ಬರು ವಾಹನ ತಡೆದರು. ಸುಮಾರು ಹತ್ತು ನಿಮಿಷ, ಆರು ಫೋಟೋ, ಐದನೆಯದು ಮುಖಪುಟವಾಯಿತು. 1963ರಲ್ಲಿ ಬಾಬ್ ಡಿಲನ್ ಗೆಳತಿಯೊಂದಿಗೆ ನ್ಯೂಯಾರ್ಕಿನ ಜೋನ್ಸ್ ಸ್ಟ್ರೀಟ್‌ನಲ್ಲಿ ಚಳಿಗೆ ಮುದುರಿಕೊಂಡು ನಡೆದದ್ದೂ ಹಾಗೆಯೇ. ಸೆಟ್ಟಿನಲ್ಲಿ ಸಿಗದ್ದನ್ನು ರಸ್ತೆ ಪುಕ್ಕಟೆ ಕೊಡುತ್ತದೆ: ನಿಲ್ಲಿಸಿಟ್ಟ ಕಾರು, ಸುಮ್ಮನೆ ನಿಂತ ದಾರಿಹೋಕ.

ಅವನು ಆರಿಸಿದ್ದು ಮಣಿಕರ್ಣಿಕಾ ಘಾಟ್‌ಗೆ ಇಳಿಯುವ ಗಲ್ಲಿ. ಅಲ್ಲಿ ಚಿತೆಗಳ ಫೋಟೋ ತೆಗೆಯುವಂತಿಲ್ಲ ಎಂದೆ. "ಗಲ್ಲಿ ಸಾಕು," ಎಂದ.

ನಾಲ್ವರೂ ಸಾಲಾಗಿ ನಡೆದರು. ಮೊಬೈಲ್ ಪರದೆಯಲ್ಲಿ, ಅವರ ಹಿಂದಿನ ತಿರುವಿನಿಂದ ಒಂದು ಚಟ್ಟ ಬಂತು. ಬಂಗಾರದ ಬಣ್ಣದ ಬಟ್ಟೆ, ನಾಲ್ಕು ಹೆಗಲು, "ರಾಮ ನಾಮ ಸತ್ಯ ಹೈ." ಸುಳ್ಳೇಕೆ ಹೇಳಲಿ, ಚಿತ್ರ ಅದ್ಭುತವಾಗಿತ್ತು. ಒತ್ತಿಬಿಟ್ಟೆ.

ಹುಡುಗರು ಗೋಡೆಗೆ ಒರಗಿ ದಾರಿ ಬಿಟ್ಟರು. ಬಿಳಿ ಬಟ್ಟೆ ಸುತ್ತಿಕೊಂಡಿದ್ದ ಯುವಕನೊಬ್ಬ ನನ್ನೆದುರು ನಿಂತ. ಬೈಯಲಿಲ್ಲ. "ನನ್ನ ತಾಯಿ," ಎಂದಷ್ಟೇ ಹಿಂದಿಯಲ್ಲಿ ಹೇಳಿದ. ಅವನ ಕಣ್ಣೆದುರೇ ಅಳಿಸಿದೆ.

ಅಬೇ ರೋಡ್ ಚಿತ್ರವನ್ನೂ ಜನ ಶವಯಾತ್ರೆ ಎಂದೇ ಓದಿದ್ದರು. ಬಿಳಿಯುಡುಪಿನ ಲೆನನ್ ಪಾದ್ರಿಯಂತೆ, ಡೆನಿಮ್ ತೊಟ್ಟ ಹ್ಯಾರಿಸನ್ ಗುಂಡಿ ತೋಡುವವರಂತೆ, ಬರಿಗಾಲಿನ ಪಾಲ್ ಮೆಕಾರ್ಟ್ನಿ ಹೆಣವಂತೆ! ಅದು ಬರೀ ಗಾಳಿಸುದ್ದಿ. ಇಲ್ಲಿ ಬರಿಗಾಲಲ್ಲಿದ್ದವನು ಮಗ.

ಚಹಾದಂಗಡಿಯಲ್ಲಿ ಅಳಿಯ ಮೆಲ್ಲಗೆ ಕೇಳಿದ: "ಅಜ್ಜಾರದು ನಿಮ್ಮ ಫೋನಿನ್ಯಾಗ ಇನ್ನೂ ಐತೇನು ಮಾಮಾ?"

ಐತಿ ಎಂದೆ. ಎರಡು ವರ್ಷದ ಹಿಂದೆ ಅಪ್ಪ ಹೋದಾಗ ನಾನು ಹೊತ್ತಿಗೆ ಸರಿಯಾಗಿ ಧಾರವಾಡ ಮುಟ್ಟಲಿಲ್ಲ. ವಿಡಿಯೋ ಕಾಲ್ ಮಾಡಿ ಚಿತೆ ತೋರಿಸಿದವನು ಇವನೇ. ನೆಟ್‌ವರ್ಕ್ ತಡವರಿಸುತ್ತಿತ್ತು, ನಾನು ನಾಲ್ಕು ಸ್ಕ್ರೀನ್‌ಶಾಟ್ ತೆಗೆದುಕೊಂಡಿದ್ದೆ. ಹೆಚ್ಚಿನದರಲ್ಲಿ ಹೊಗೆಯೇ ಇದೆ.

"ಅವನ್ನ ಅಳಿಸಬ್ಯಾಡ್ರಿ," ಎಂದ.

ಮುಖಪುಟದ ಫೋಟೋ ಮರುದಿನ ಬೆಳಿಗ್ಗೆ ಹನುಮಾನ್ ಘಾಟ್ ಬಳಿಯ ಕರ್ನಾಟಕ ಘಾಟ್ ಮೆಟ್ಟಿಲ ಮೇಲೆ ಆಯಿತು. ಗಂಗೆಯ ಆಚೆಯಿಂದ ಬಿಸಿಲು ನೇರ ಮುಖಕ್ಕೆ ಹೊಡೆದು ಮೂವರ ಕಣ್ಣು ಮುಚ್ಚಿದ್ದವು. ಅದನ್ನೇ ಇಟ್ಟುಕೊಂಡಿದ್ದಾರೆ.