ಹೈಬರ್ನೇಟಿನ ಸಂಪರ್ಕವಿವರಗಳೂ ಕನ್ನಡ ಲಿಪಿಯೂ

ಜಾವಾ ಭಾಷೆಯ ಕ್ರಮವಿಧಿಗಳು ಬಳಸುವ ವಸ್ತುಗಳನ್ನು ಡೇಟಾಬೇಸಿನ ಕೋಷ್ಟಕಗಳಿಗೆ ಹೊಂದಿಸಿಕೊಡುವ ಸಾಧನಗಳಲ್ಲಿ ಹೈಬರ್ನೇಟ್ ಪ್ರಸಿದ್ಧವಾದುದು. ಗ್ಯಾವಿನ್ ಕಿಂಗ್ ಎಂಬವರು ಇದನ್ನು 2001ರಲ್ಲಿ ಆರಂಭಿಸಿದರು. ಡೇಟಾಬೇಸಿನ ವಿಳಾಸ, ಅದನ್ನು ಸೇರಿಸುವ ಡ್ರೈವರ್, ಬಳಕೆದಾರನ ಹೆಸರು, ಗುಪ್ತಪದ ಇವನ್ನು ಒಂದು ಕಡತದಲ್ಲಿ ಬರೆದಿಡುವುದು ವಾಡಿಕೆ. ಇವುಗಳಲ್ಲೊಂದು ತಪ್ಪಿದರೆ ಸಂಪರ್ಕವೇ ಕೂಡದು; ದೋಷವು ಒಡನೆಯೇ ಬಯಲಾಗುವುದರಿಂದ ಅಷ್ಟು ಅಪಾಯಕರವಲ್ಲ.

ಸಂಪರ್ಕವೇರ್ಪಟ್ಟೂ ಪಾಠವನ್ನು ಕೆಡಿಸುವ ದೋಷವೊಂದುಂಟು. ಕಾವ್ಯಗಳನ್ನೋ ಶಾಸನಗಳನ್ನೋ ಸಂಗ್ರಹಿಸತಕ್ಕವರು ಗಮನಿಸಬೇಕಾದುದು ಇದನ್ನೇ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ‘ಕ್ಷ’ ಎಂಬ ಒಂದು ಸಂಯುಕ್ತಾಕ್ಷರವೇ ಕಕಾರ, ವಿರಾಮ, ಷಕಾರಗಳೆಂದು ಒಡೆದು 9 ಬೈಟುಗಳನ್ನು ಹಿಡಿಯುತ್ತದೆ. ಲ್ಯಾಟಿನ್-1 ಕ್ರಮದಲ್ಲಾದರೋ ಅಕ್ಷರಕ್ಕೆ 1 ಬೈಟು ಮಾತ್ರ. ಕನ್ನಡಕ್ಕೆ ಅಲ್ಲಿ ಎಡೆಯೇ ಇಲ್ಲ. 2018ರ 8.0 ಆವೃತ್ತಿಗೆ ಮುಂಚಿನ ಮೈಎಸ್‌ಕ್ಯೂಎಲ್ ಡೇಟಾಬೇಸು, ಬೇರೆ ಹೇಳದಿದ್ದರೆ, ಈ ಕ್ರಮವನ್ನೇ ಹಿಡಿಯುತ್ತಿತ್ತು. ಸಂಪರ್ಕವೂ ಅದನ್ನೇ ಅನುಸರಿಸುತ್ತಿತ್ತು. ಆ ಹಾದಿಯಲ್ಲಿ ಹೋದ ಕನ್ನಡ ಪದ್ಯವು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕೋಷ್ಟಕವನ್ನು ಸೇರುವುದು. ಲಿಪಿಕಾರನ ಪ್ರಮಾದವನ್ನು ಪಾಠಾಂತರಗಳಿಂದ ಊಹಿಸಿ ತಿದ್ದಬಹುದು. ಇಲ್ಲಿ ಊಹೆಗೆ ಅಕ್ಷರದ ಕುರುಹೂ ಉಳಿಯದು.

ಪರಿಹಾರವು ಸುಲಭವಾದುದೇ. ಸಂಪರ್ಕದ ವಿಳಾಸದ ಕೊನೆಗೆ ‘ಕ್ಯಾರೆಕ್ಟರ್ ಎನ್‌ಕೋಡಿಂಗ್’ ಎಂಬ ಅಂಶವನ್ನು ಸೇರಿಸಿ ಯುಟಿಎಫ್-8 ಎಂದು ನಮೂದಿಸತಕ್ಕದ್ದು. ಕೋಷ್ಟಕಗಳನ್ನೂ ‘ಯುಟಿಎಫ್8ಎಂಬಿ4’ ಕ್ರಮದಲ್ಲಿ ರಚಿಸತಕ್ಕದ್ದು. ಕಡತವು ಎಕ್ಸ್‌ಎಂಎಲ್ ರೂಪದ್ದಾಗಿ, ವಿಳಾಸದಲ್ಲಿ ಇಂಥ ಅಂಶಗಳು ಎರಡಿದ್ದರೆ, ನಡುವಣ ಆಂಪರ್ಸೆಂಡ್ ಚಿಹ್ನೆಯನ್ನು ಹಾಗೆಯೇ ಇಡದೆ ಅದಕ್ಕೆಂದು ಗೊತ್ತುಮಾಡಿದ ಸಂಕೇತದಲ್ಲಿ ಬರೆಯಬೇಕು. ಮೊದಲೇ ಕೆಟ್ಟುಹೋದ ಸಾಲುಗಳನ್ನಂತೂ ಮೂಲಪ್ರತಿಯನ್ನು ನೋಡಿ ಮತ್ತೆ ತುಂಬಬೇಕಾಗುವುದು.