ಬಹುರಾಷ್ಟ್ರೀಯ ಕಂಪನಿಗಳ ನೈತಿಕ ಸಂಹಿತೆ: ರಚನೆಯ ವಿಧಾನ ಮತ್ತು ಸಾರ್ವಜನಿಕರಿಗೆ ಅದರ ಉಪಯೋಗ

ಪೀಠಿಕೆ

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿರುವ ಶಿವನಸಮುದ್ರ ಜಲವಿದ್ಯುದಾಗಾರದಿಂದ 1902ರ ಜೂನ್ ತಿಂಗಳಿನಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಸರಬರಾಜು ಆರಂಭವಾಯಿತು. ಯೋಜನೆಯು ಮೈಸೂರು ಸರ್ಕಾರದ್ದು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯವು. ಗಣಿಗಳ ಆಡಳಿತವು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯದು.

ಇಂತಹ ಸಂಸ್ಥೆಗಳ ಪರಸ್ಪರ ಬಾಧ್ಯತೆಗಳನ್ನು ಕರಾರು ಪತ್ರವು ನಿಗದಿಪಡಿಸುತ್ತದೆ. ಆದರೆ ಕರಾರು ಸಹಿ ಮಾಡಿದವರನ್ನು ಮಾತ್ರ ಬದ್ಧಗೊಳಿಸುತ್ತದೆ. ಕಾಲುವೆ ತೋಡುವ ಕೂಲಿಕಾರರಾಗಲೀ, ನೆರೆಯ ಗ್ರಾಮಸ್ಥರಾಗಲೀ ಅದರ ಪಕ್ಷಗಾರರಲ್ಲ. ಈ ಕೊರತೆಯನ್ನು ತುಂಬುವುದೇ ನೈತಿಕ ಸಂಹಿತೆಯ ಉದ್ದೇಶವಾಗಿದೆ.

ನೈತಿಕ ಸಂಹಿತೆ ಎಂದರೇನು?

ಕಂಪನಿಯು ತಾನು ಕಾರ್ಯನಿರ್ವಹಿಸುವ ಎಲ್ಲಾ ದೇಶಗಳಲ್ಲಿ ನೌಕರರು, ಗುತ್ತಿಗೆದಾರರು, ಗ್ರಾಹಕರು ಮತ್ತು ಸ್ಥಳೀಯ ಜನರೊಂದಿಗೆ ಹೇಗೆ ನಡೆದುಕೊಳ್ಳುವುದೆಂದು ಲಿಖಿತವಾಗಿ ಘೋಷಿಸುವ ನಿಯಮಾವಳಿಯೇ ನೈತಿಕ ಸಂಹಿತೆ. ಇದು ಕಾನೂನಿಗೆ ಪರ್ಯಾಯವಲ್ಲ. ಸ್ಥಳೀಯ ಕಾನೂನು ಮತ್ತು ಸಂಹಿತೆಯಲ್ಲಿ ಯಾವುದು ಕಟ್ಟುನಿಟ್ಟಾಗಿದೆಯೋ ಅದನ್ನು ಪಾಲಿಸುವುದು ಉತ್ತಮ ಪದ್ಧತಿ.

ಆಧಾರಗಳು

1. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು (ಒ.ಇ.ಸಿ.ಡಿ.) ಬಹುರಾಷ್ಟ್ರೀಯ ಉದ್ಯಮಗಳಿಗೆ 1976ರಲ್ಲಿ ಹೊರಡಿಸಿ, 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ.
2. ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು 2019ರಲ್ಲಿ ಹೊರಡಿಸಿದ, 9 ತತ್ತ್ವಗಳನ್ನೊಳಗೊಂಡ ಜವಾಬ್ದಾರಿಯುತ ವ್ಯವಹಾರದ ರಾಷ್ಟ್ರೀಯ ಮಾರ್ಗಸೂಚಿ.
3. ಸೆಬಿಯ 2015ರ ನಿಯಮಗಳು. ಇವುಗಳನ್ವಯ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯು ನಿರ್ದೇಶಕರು ಹಾಗೂ ಹಿರಿಯ ಅಧಿಕಾರಿಗಳ ನಡತೆ ಸಂಹಿತೆಯನ್ನು ತನ್ನ ವೆಬ್‌ಸೈಟಿನಲ್ಲಿ ಪ್ರಕಟಿಸತಕ್ಕದ್ದು.
4. 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ಪ್ರತಿಬಂಧಕ ಕಾಯ್ದೆ. ಕಂಪನಿಯ ಲಾಭಕ್ಕಾಗಿ ಅದರ ಪರವಾಗಿ ಯಾರೇ ಲಂಚ ನೀಡಿದರೂ ಕಂಪನಿಯೇ ಹೊಣೆಯಾಗಬಹುದು. ತಡೆಗಟ್ಟಲು ಸಮರ್ಪಕ ವ್ಯವಸ್ಥೆ ಇತ್ತೆಂದು ತೋರಿಸುವ ಭಾರವೂ ಕಂಪನಿಯದೇ.

ರಚನೆಯ ಹಂತಗಳು

ಮೊದಲಿಗೆ ಪ್ರತಿಯೊಂದು ಘಟಕದಲ್ಲಿ ತಪ್ಪು ನಡೆಯಬಹುದಾದ ಸಂದರ್ಭಗಳನ್ನು ಪಟ್ಟಿ ಮಾಡಬೇಕು. ಪರವಾನಗಿ ಪಡೆಯುವಿಕೆ, ಭೂಮಿ ಖರೀದಿ, ನೀರಿನ ಬಳಕೆ, ತ್ಯಾಜ್ಯ ವಿಲೇವಾರಿ, ಗುತ್ತಿಗೆ ಕಾರ್ಮಿಕರ ವೇತನ ಇವು ಮುಖ್ಯವಾದವು. ಎರಡನೆಯದಾಗಿ, ಕೇಂದ್ರ ಕಚೇರಿಯಲ್ಲಿ ಸಿದ್ಧವಾದ ಕರಡನ್ನು ಕಾರ್ಮಿಕರ ಪ್ರತಿನಿಧಿಗಳು ಹಾಗೂ ಸ್ಥಳೀಯರೊಂದಿಗೆ ಚರ್ಚಿಸಬೇಕು. ಮೂರನೆಯದಾಗಿ, ಅಸ್ಪಷ್ಟ ಪದಗಳನ್ನು ಕೈಬಿಡಬೇಕು. "ಅನುಚಿತ ಉಡುಗೊರೆ ಸಲ್ಲದು" ಎಂದಷ್ಟೇ ಬರೆದರೆ ಸಾಲದು. ದೀಪಾವಳಿಯಂದು ಬರುವ ಸಿಹಿತಿಂಡಿ ಪೆಟ್ಟಿಗೆಯನ್ನು ಸ್ವೀಕರಿಸಬಹುದೇ, ಎಷ್ಟು ಮೌಲ್ಯದವರೆಗೆ ಎಂಬುದನ್ನು ತಿಳಿಸಬೇಕು. ನಾಲ್ಕನೆಯದಾಗಿ, ಸಂಹಿತೆಯನ್ನು ಕಾರ್ಮಿಕರ ಭಾಷೆಯಲ್ಲಿ ಒದಗಿಸಬೇಕು. ಕರ್ನಾಟಕದ ಘಟಕದಲ್ಲಿ ಇಂಗ್ಲಿಷ್ ಪ್ರತಿ ಮಾತ್ರ ಇದ್ದಲ್ಲಿ, ಅದರ ಅಗತ್ಯ ಹೆಚ್ಚಾಗಿರುವವರಿಗೇ ಅದು ತಲುಪುವುದಿಲ್ಲ. ಕೊನೆಯದಾಗಿ, ದೂರು ನೀಡಿದವರಿಗೆ ಕಿರುಕುಳವಾಗದಂತೆ ರಕ್ಷಣೆ ಒದಗಿಸಬೇಕು ಹಾಗೂ ಸಂಹಿತೆಯನ್ನು ಕಾಲಕಾಲಕ್ಕೆ ಪರಿಶೀಲಿಸಬೇಕು.

ಸಾರ್ವಜನಿಕರು ದೂರು ಸಲ್ಲಿಸುವ ಬಗೆ

• ಗುತ್ತಿಗೆದಾರನು ವೇತನ ನೀಡದಿದ್ದಲ್ಲಿ ಮೂಲ ಉದ್ಯೋಗದಾತನೇ ಪಾವತಿಸಬೇಕೆಂಬುದು ಕಾನೂನಿನ ನಿಯಮವಾಗಿದ್ದು, ಕಂಪನಿಗೂ ಕಾರ್ಮಿಕ ಇಲಾಖೆಗೂ ದೂರು ನೀಡಬಹುದು.
• 10 ಅಥವಾ ಹೆಚ್ಚು ನೌಕರರಿರುವ ಕಾರ್ಯಸ್ಥಳದಲ್ಲಿ ಲೈಂಗಿಕ ಕಿರುಕುಳದ ದೂರನ್ನು ಆಂತರಿಕ ಸಮಿತಿಗೂ, ಅದಕ್ಕಿಂತ ಕಡಿಮೆ ನೌಕರರಿರುವಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೂ ಸಲ್ಲಿಸಬಹುದು.
• ನೋಂದಾಯಿತ ಕಂಪನಿಗಳಲ್ಲಿ 2013ರ ಕಂಪನಿ ಕಾಯ್ದೆಯ 177ನೇ ಪ್ರಕರಣದಂತೆ ಅಕ್ರಮಗಳನ್ನು ವರದಿ ಮಾಡುವ ವ್ಯವಸ್ಥೆ ಇರತಕ್ಕದ್ದು. ನೌಕರರು ಇದನ್ನು ಬಳಸಬಹುದು.
• ಭಾರತವು ಒ.ಇ.ಸಿ.ಡಿ. ಮಾರ್ಗಸೂಚಿಗೆ ಸೇರಿದ ರಾಷ್ಟ್ರವಲ್ಲ. ಆದರೆ ಕಂಪನಿಯ ಮೂಲ ದೇಶವು ಸೇರಿದ್ದಲ್ಲಿ, ಅಲ್ಲಿನ ರಾಷ್ಟ್ರೀಯ ಸಂಪರ್ಕ ಕೇಂದ್ರಕ್ಕೆ ಇಲ್ಲಿಂದಲೇ ದೂರು ಕಳುಹಿಸಬಹುದು. ಈ ಕೇಂದ್ರವು ಮಧ್ಯಸ್ಥಿಕೆ ವಹಿಸುತ್ತದೆಯೇ ಹೊರತು ಪರಿಹಾರ ಕೊಡಿಸುವ ನ್ಯಾಯಾಲಯವಲ್ಲ.

ಗಮನಿಸಿ: ದೂರಿನಲ್ಲಿ ದಿನಾಂಕ, ಸ್ಥಳ, ಗುತ್ತಿಗೆದಾರರ ಹೆಸರು ಹಾಗೂ ಸಂಹಿತೆಯ ಸಂಬಂಧಿತ ಕ್ರಮಸಂಖ್ಯೆಯನ್ನು ನಮೂದಿಸಿ, ಹಾಜರಾತಿ ಚೀಟಿ ಮುಂತಾದ ದಾಖಲೆಗಳ ನಕಲನ್ನು ಮಾತ್ರ ಲಗತ್ತಿಸುವುದು. ಮೂಲ ಪ್ರತಿಗಳನ್ನು ಹಾಗೂ ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಕಂಪನಿಗೆ ದೂರು ನೀಡಿದ ಮಾತ್ರಕ್ಕೆ ಕಾನೂನಿನ ಕಾಲಮಿತಿಯು ವಿಸ್ತರಣೆಯಾಗುವುದಿಲ್ಲ.