ಕಡ್ಡಿ ಗೀರದ ಒಲೆ, ಕಬ್ಬಿನ ಸೀಮೆ

ಚಳಿಗಾಲದ ನಸುಕು. ಮುಧೋಳ–ಮಹಾಲಿಂಗಪುರ ಸೀಮೆಯ ಗಾಣದ ಮನೆಯಲ್ಲಿ ಒಲೆ ಉರಿಸುವವನು ನೆಲದಿಂದ ಕೆಳಕ್ಕೆ ತೋಡಿದ ಕುಣಿಗೆ ಇಳಿಯುತ್ತಾನೆ. ಎದುರಿಗೆ ಒಲೆಯ ಬಾಯಿ, ಬೆನ್ನ ಹಿಂದೆ ಒಣಗಿದ ಕಬ್ಬಿನ ಸಿಪ್ಪೆಯ ರಾಶಿ. ಒಂದು ಹಿಡಿ ರವದಿಗೆ, ಅಂದರೆ ಕಬ್ಬಿನ ಒಣ ಗರಿಗೆ, ಕಡ್ಡಿ ಗೀರಿ ಒಳಗೆ ತಳ್ಳಿ, ಮೇಲೆ ಸಿಪ್ಪೆ ಹಾಕುತ್ತಾನೆ. ಮೊದಲು ಕಣ್ಣು ಉರಿಸುವ ಬಿಳಿ ಹೊಗೆ. ಚಿಮಣಿ ಕಾದು ಗಾಳಿ ಎಳೆಯತೊಡಗಿದ ಮೇಲೆ ಹೊಗೆ ತೆಳುವಾಗಿ, ಉರಿ ಕೊಪ್ಪರಿಗೆಯ ತಳ ಮುಟ್ಟುತ್ತದೆ. ಅಲ್ಲಿಂದ ಬೆಲ್ಲ ಇಳಿಸುವವರೆಗೂ ಅವನ ಕೈಗೆ ಬಿಡುವಿಲ್ಲ.

ಕೃಷ್ಣೆ, ಘಟಪ್ರಭೆಯರ ನೀರುಂಡ ಈ ನಾಡಿನಲ್ಲಿ ಉರುವಲಿಗೆ ಬರವಿಲ್ಲ. ಸಮೀರವಾಡಿ, ಜಮಖಂಡಿ ತಾಲ್ಲೂಕಿನ ಸಿದ್ದಾಪುರ, ಹಿರೇಪಡಸಲಗಿ, ಬೀಳಗಿ ತಾಲ್ಲೂಕಿನ ಬಾಡಗಂಡಿ, ಹೀಗೆ ಸಾಲುಸಾಲು ಸಕ್ಕರೆ ಕಾರ್ಖಾನೆಗಳಿವೆ. ಹಂಗಾಮಿಗೆ ಮುನ್ನ ಅಲ್ಲಿ ‘ಬಾಯ್ಲರ್ ಪ್ರದೀಪನ’ದ ಪೂಜೆ ನಡೆಯುತ್ತದೆ. ಆಮೇಲೆ ಸಿಪ್ಪೆ ತಾನಾಗಿಯೇ ಪಟ್ಟಿಯ ಮೇಲೆ ಸಾಗಿ ಬಾಯ್ಲರ್ ಸೇರುತ್ತದೆ. ಗಾಣದಲ್ಲಿ ಮಾತ್ರ ಈಗಲೂ ಎಲ್ಲವೂ ಕೈಯಲ್ಲೇ.

ಆ ಕೈಗೆ ಇರಬೇಕಾದ ಹದ ಸಾಮಾನ್ಯದ್ದಲ್ಲ. ಗಾಣದಲ್ಲಿ 100 ಕಿಲೊ ಕಬ್ಬು ಅರೆದರೆ 60–65 ಕಿಲೊ ಹಾಲು ಬರುತ್ತದೆ. ಉಳಿದ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧ ನೀರೇ. ಅದನ್ನು ಬಿಸಿಲಿಗೆ ಹರವಿ ಒಣಗಿಸಿದರೆ ಕಿಲೊ ಒಂದಕ್ಕೆ ಸಿಗುವ ಶಾಖ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಕುದಿಯುವ ಹಾಲಿಗೆ ಸುಣ್ಣದ ತಿಳಿ, ಬೆಂಡೆ ಗಿಡದ ಲೋಳೆ ಹಾಕಿ, ಮೇಲೆ ಬಂದ ಮಡ್ಡಿ ತೆಗೆಯುತ್ತಾರೆ. ಪಾಕ 118 ಡಿಗ್ರಿ ಸೆಲ್ಸಿಯಸ್‌ ಹತ್ತಿರ ಬಂದಾಗ ನುರಿತವರು ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ನಿಂತಿತೆಂದರೆ ಆ ಕ್ಷಣಕ್ಕೆ ಉರಿ ತಗ್ಗಬೇಕು. ತಡವಾದರೆ ಬೆಲ್ಲ ಕಪ್ಪಾಗಿ ಪೇಟೆಯಲ್ಲಿ ದರ ಬೀಳುತ್ತದೆ.

ಹೊತ್ತಿಸುವುದು, ಉರುವಲು ಹಾಕುವುದು, ಗಾಳಿ ಕೊಡುವುದು, ತಗ್ಗಿಸುವುದು: ಈ ನಾಲ್ಕು ಕೆಲಸಗಳನ್ನೂ ಕ್ರಮೇಣ ಯಂತ್ರಕ್ಕೆ ಒಪ್ಪಿಸಿದ್ದು ಪೆಲೆಟ್ ಒಲೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ವಿಮಾನ ಎಂಜಿನಿಯರ್ ಜೆರ್ರಿ ವಿಟ್‌ಫೀಲ್ಡ್ ಮನೆ ಬೆಚ್ಚಗಿಡಲು ಅಂಥ ಒಲೆ ರೂಪಿಸಿದರು. ಮರದ ಹೊಟ್ಟು ಅಥವಾ ಬೆಳೆಯ ಕಸವನ್ನು ಒಣಗಿಸಿ, ಪುಡಿಮಾಡಿ, ಅಚ್ಚಿನಲ್ಲಿ ಒತ್ತಿದರೆ ಬೆರಳಿಗಿಂತ ಸಣ್ಣ ಗುಳಿಗೆಗಳಾಗುತ್ತವೆ. ಅವೇ ಪೆಲೆಟ್. ಒತ್ತಡದ ಬಿಸಿಗೆ ಸಸ್ಯದೊಳಗಿನ ಲಿಗ್ನಿನ್ ಮೆತ್ತಗಾಗಿ ಅಂಟಿನಂತೆ ಹಿಡಿಯುತ್ತದೆ.

ಹಳೆಯ ಪೆಲೆಟ್ ಒಲೆಗಳಿಗೂ ಬೆಂಕಿಕಡ್ಡಿ ಬೇಕಿತ್ತು. ಹೊಸವಕ್ಕೆ ಬೇಡ. ಗುಳಿಗೆ ಉರಿಯುವ ಬಟ್ಟಲಿನ ಹಿಂದೆ ಸಾಮಾನ್ಯವಾಗಿ 250ರಿಂದ 350 ವ್ಯಾಟ್‌ನ ಒಂದು ವಿದ್ಯುತ್ ಕಡ್ಡಿ ಕೆಂಪಗೆ ಕಾಯುತ್ತದೆ. ಅದರ ಮೇಲಿಂದ ಹಾಯ್ದ ಗಾಳಿ ಗುಳಿಗೆಗೆ ತಗಲಿ ಕೆಲವು ನಿಮಿಷಗಳಲ್ಲಿ ಕಿಡಿ ಹತ್ತುತ್ತದೆ. ಹೊಗೆಕೊಳವೆಯ ಸಂವೇದಕಕ್ಕೆ ಬಿಸಿ ತಿಳಿದ ಕೂಡಲೇ ಕಡ್ಡಿ ಆರುತ್ತದೆ. ಹಳೆಯ ಒಲೆಗೆ ಇದನ್ನು ಕೂಡಿಸಲು ಬಯಸುವವರು ಒಂದು ಮಾತು ನೆನಪಿಡಬೇಕು: ಕಡ್ಡಿಯೊಂದನ್ನೇ ತಂದು ಕೂರಿಸಿದರೆ ಸಾಲದು. ಸಂವೇದಕವೂ ನಿಯಂತ್ರಣ ಫಲಕವೂ ಬೇಕು. ಬೆಂಕಿ ಹತ್ತದಿದ್ದರೆ ಗುಳಿಗೆ ಬೀಳುವುದು ತಾನಾಗಿ ನಿಲ್ಲಬೇಕು. ಇಲ್ಲವಾದರೆ ಬಟ್ಟಲು ತುಂಬಿ ಹೊಗೆಯಾಡಿ, ಆ ಅನಿಲ ಒಮ್ಮೆಲೇ ಭುಗ್ಗೆಂದು ಹೊತ್ತಿಕೊಳ್ಳುವ ಅಪಾಯವಿದೆ. ಬೂದಿ ಕಟ್ಟಿದ ತೂತು, ಸವೆದ ಫ್ಯಾನು, ಸೀಲು ಬಿಟ್ಟ ಬಾಗಿಲು ಮೊದಲು ಸರಿಯಾಗಬೇಕು. ತೇವ ಹಿಡಿದ ಗುಳಿಗೆಯ ಮುಂದೆ ಎಂಥ ಕಡ್ಡಿಯೂ ಸೋಲುತ್ತದೆ.

ಅಡುಗೆಯ ಪೆಲೆಟ್ ಒಲೆ ನಮಗೆ ಹೊರಗಿನದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಚ್.ಎಸ್. ಮುಕುಂದ ಅವರ ತಂಡ ರೂಪಿಸಿದ ‘ಊರ್ಜಾ’ ಒಲೆ 2006ರಲ್ಲಿ ಬಿಪಿ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು. 2009ರಲ್ಲಿ ಪುಣೆಯ ಫಸ್ಟ್ ಎನರ್ಜಿ ಅದನ್ನು ವಹಿಸಿಕೊಂಡಿತು. ಕರ್ನಾಟಕ, ಮಹಾರಾಷ್ಟ್ರಗಳೂ ಸೇರಿ ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು. ಗುಳಿಗೆ ತುಂಬಿ, ಮೇಲೆ ತುಸು ಸೀಮೆಎಣ್ಣೆ ಹನಿಸಿ ಕಡ್ಡಿ ಗೀರಿದರೆ ಬೆಂಕಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಬ್ಯಾಟರಿಯ ಪುಟ್ಟ ಫ್ಯಾನು ಕೆಳಗಿನಿಂದ ಕೊಟ್ಟ ಗಾಳಿಗೆ ಗುಳಿಗೆ ಅನಿಲವಾಗಿ, ಮೇಲಿನ ತೂತುಗಳ ಗಾಳಿಗೆ ಆ ಅನಿಲ ಉರಿಯುತ್ತಿತ್ತು. ಹೊಗೆ ತೀರ ಕಡಿಮೆ. ಆದರೆ ಕೃಷಿ ತ್ಯಾಜ್ಯಕ್ಕೆ ಕೈಗಾರಿಕೆಗಳ ಬೇಡಿಕೆ ಬಂದು ಗುಳಿಗೆ ದುಬಾರಿಯಾಯಿತು. ಮನೆಗಳು ಒಲೆ ಬಿಟ್ಟವು, ಕಂಪನಿ ಹೋಟೆಲುಗಳ ದೊಡ್ಡ ಅಡುಗೆಮನೆಯತ್ತ ಹೊರಳಿತು.

ಹಾಗಾದರೆ ತಾನೇ ಹೊತ್ತುವ ಒಲೆ ಇಲ್ಲಿ ಯಾರಿಗೆ ಬೇಕು? ದಿನಕ್ಕೆ ಒಮ್ಮೆ ಹೊತ್ತಿಸಿ ಇಡೀ ದಿನ ಉರಿಸುವ ಗಾಣಕ್ಕೆ ಬೆಂಕಿಕಡ್ಡಿಯೇ ಸಾಕು. ಅಲ್ಲಿ ಬೇಕಾದದ್ದು ಬೇರೆ: ಸಿಪ್ಪೆ ಚೆನ್ನಾಗಿ ಉರಿಯುವ ಜಾಲರಿ, ಅಳತೆಯ ಗಾಳಿ, ಹಾಲನ್ನು ಮೊದಲೇ ಕಾಯಿಸುವ ಎರಡನೇ ಕೊಪ್ಪರಿಗೆ, ಕುಣಿಯಲ್ಲಿ ಕೂತವನ ಮುಖಕ್ಕೆ ಝಳ ಹೊಡೆಯದಂತೆ ಒಂದು ತಡೆ. ಖಾನಾವಳಿಯ ಲೆಕ್ಕ ಬೇರೆ. ಜೋಳದ ರೊಟ್ಟಿಯ ಹಂಚಿಗೆ ಮಧ್ಯಾಹ್ನ ಉರಿ ಬೇಕು, ಮೂರು ಗಂಟೆಗೆ ಬೇಡ, ರಾತ್ರಿ ಮತ್ತೆ ಬೇಕು. ರಬಕವಿ–ಬನಹಟ್ಟಿಯ ನೇಕಾರಿಕೆಯ ನೂಲಿಗೆ ಬಣ್ಣ ಹಾಕುವಲ್ಲೂ ನೀರು ಕಾಯಬೇಕು, ಕೆಲಸ ಮುಗಿದ ಮೇಲೆ ಉರಿ ಆರಬೇಕು. ಇಂಥ ಕಡೆ ಪ್ರತಿ ಸಲ ಸೀಮೆಎಣ್ಣೆಯ ಗೊಡವೆಯಿಲ್ಲದೆ ಗುಂಡಿ ಒತ್ತಿದರೆ ಹೊತ್ತುವ ಒಲೆಗೆ ನಿಜವಾದ ಬೆಲೆಯಿದೆ.

ವಿದ್ಯುತ್ತಿನ ಮಾತೂ ಇದೆ. ಊರ್ಜಾದ ಫ್ಯಾನಿಗೆ ಕೆಲವೇ ವ್ಯಾಟ್ ಸಾಕಿತ್ತು. ಹೊತ್ತಿಸುವ ಕಡ್ಡಿ ಐದು ನಿಮಿಷಕ್ಕೆ ನುಂಗುವುದು 25 ವ್ಯಾಟ್–ಗಂಟೆಯಷ್ಟೇ ಆದರೂ, ಒಮ್ಮೆಗೆ 300 ವ್ಯಾಟ್ ಎಳೆಯುವುದರಿಂದ ಪುಟ್ಟ ಬ್ಯಾಟರಿಗೆ ಅದು ಭಾರ. ಕರೆಂಟು ಕೈಕೊಡುವ ಊರಿನಲ್ಲಿ ಕೈಯಿಂದ ಹೊತ್ತಿಸುವ ದಾರಿಯನ್ನೂ ಒಲೆಯಲ್ಲಿ ಉಳಿಸಲೇಬೇಕು.

ಕೇಂದ್ರ ವಿದ್ಯುತ್ ಸಚಿವಾಲಯ 2021ರ ಅಕ್ಟೋಬರಿನಲ್ಲಿ ಕಲ್ಲಿದ್ದಲು ಸ್ಥಾವರಗಳು ಶೇ 5ರಷ್ಟು ಕೃಷಿ ತ್ಯಾಜ್ಯದ ಪೆಲೆಟ್ ಬೆರೆಸಬೇಕೆಂಬ ನೀತಿ ತಂದಿತು. ಗುಳಿಗೆಗೆ ದೊಡ್ಡ ಗಿರಾಕಿ ಸಿಕ್ಕಿದ್ದಾನೆ. ಹೊಲದಲ್ಲಿ ಸುಡುವ ರವದಿಗೂ ಇದರಿಂದ ಬೆಲೆ ಬರಬಹುದು. ಆದರೆ ಊರಿನ ಒಲೆಗೂ ಅದರ ಪಾಲು ಉಳಿಯಬೇಕು. ಜಮಖಂಡಿ, ಮುಧೋಳ, ಬೀಳಗಿ ಭಾಗದ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಹಂಗಾಮಿನಲ್ಲಿ ಒಂದು ಗಾಣ, ಒಂದು ಖಾನಾವಳಿ, ಒಂದು ಬಣ್ಣದ ಒಲೆಯನ್ನು ಆರಿಸಿಕೊಂಡು, ಸುಟ್ಟ ಉರುವಲು, ಬಂದ ಹೊಗೆ, ಹಿಡಿದ ಹೊತ್ತು ಅಳೆದು ಬರೆದಿಡಲಿ. ಗಾಣದ ಮಾಲೀಕರು ಅವರಿಗೆ ಬಾಗಿಲು ತೆರೆಯಲಿ, ಕುಣಿಯಲ್ಲಿ ಕೂತವನ ಮಾತನ್ನು ಅವರು ಮೊದಲು ಕೇಳಲಿ.